ಕೆಸುವಿನ ಎಲಿ, ಒಂದ್ಬಾರಿ, ಎರಡ್ಬಾರಿ

ನೀವು ನಂಬೂದಿಲ್ಲ ಬಿಡ್ರಿ. ಒಂದ ಸಲಕ್ಕ ನಂಬಿದ್ರ ನಿಮ್ಮ ತಲಿ ಸರಿ ಇಲ್ಲ ಅಂತ ನಾನ ಅಂತೀನಿ. ಯಲ್ಲಾಪುರದ ಕಟ್ಟಿಗಿ ಅಡ್ಡ್ಯಾಗ ಮನಿ ಎತ್ತರಕ್ಕ ಒಟ್ಟಿದ್ದ ತೇಗದ ದಿಮ್ಮಿ, ಅದನ್ನ ಕೊಳ್ಳಾಕ ಹುಬ್ಬಳ್ಳಿಯಿಂದ ಜೀಪು ಮಾಡ್ಕೊಂಡು ಬಂದ ವ್ಯಾಪಾರಸ್ಥರು, ಕಿವ್ಯಾಗ ಅತ್ತರಿನ ಹತ್ತಿ ಇಟ್ಕೊಂಡ ಸಾಹುಕಾರ್ರು, ಇಷ್ಟೂ ಮಂದೀನ ಒಂದು ಎಲಿ ಬರಿಗೈಲೆ ಮನಿಗೆ ಕಳಸೂದಿತ್ತು. ಎಲಿ ಅಂದ್ರ ಎಂಥಾದ್ದು? ನಮ್ಮ ತಮ್ಮ ಬಸ್ಯಾನ್ನ ಅದರಾಗ ಸುತ್ತಿ ಇಟ್ರ ಮೂಗೊಂದ ಹೊರಗ ಕಾಣ್ತಿತ್ತು. ಸುಳ್ಳಂದ್ರ ನಮ್ಮವ್ವನ್ನ ಕೇಳ್ರಿ. ಅಕಿ ಗಂಟಲ ಮ್ಯಾಲ ಕೈ ಇಟ್ಕೊಂತಾಳ.

ನಿನ್ನೀನೂ ಹಂಗ ಇಟ್ಕೊಂಡ್ಳು. ಅರಿವಿ ತರಾಕ ಅಂತ ಅವ್ವ ನಾನು ಸಿರ್ಸಿಗೆ ಹೋಗಿದ್ವಿ. ಓಣ್ಯಾಗ ಹೊಂಟಾಗ ಯಾರದೋ ಮನಿ ಹಿತ್ತಲ ಕಡಿಂದ ಬಳ್ಳೊಳ್ಳಿ ಒಗ್ಗರಣಿ ವಾಸನಿ ಬಂತು. ಅದರ ಬೆನ್ನಿಗೆ ಹಲ್ಲು ಜುಮ್ ಅನ್ನೂವಂಥಾ ಹುಳಿ ವಾಸನಿ. ಕರಕಲಿ. ಕೆಸುವಿನ ಸೊಪ್ಪನ್ನ ಹುಳಿ ಹಾಕಿ ಕುದಿಸಿ ಕುದಿಸಿ ಮುದ್ದಿ ಮಾಡ್ತಾರಲ್ಲ, ಅದು. ಇಬ್ರೂ ಗಕ್ಕನ ನಿಂತ್ವಿ. ಅವ್ವನ ಕೈ ಗಂಟಲಿಗೆ ಹೋತು. ಆಮ್ಯಾಲ ಮೂಗು ಮ್ಯಾಲಕ್ಕೆತ್ತಿ, ಅಡಿಗಿ ಪರೀಕ್ಷಾದಾಗ ಜಿಲ್ಲೆಕ್ಕ ಮೊದಲ ಬಂದಾಕಿ ಹಂಗ ಹೇಳಿದ್ಳು, "ಹುಳಿ ಬರೋಬರಿ ಬಿದ್ದೈತಿ." ನಾ ಅಲ್ಲೇ ಯಾರದೋ ಕಟ್ಟಿ ಮ್ಯಾಲ ಕುಂತು ನಕ್ಕೆ. ಯಾಕಂದ್ರ ಹೋದ ವರ್ಷದ ಮಳಿಗಾಲದಾಗ ಈ ಒಂದು ಮಾತು ಅಕಿಗೆ ತಿಳಿದಿದ್ರ, ನಮ್ಮ ಸಂಸಾರ ಬಂಡಿ ಏರಿ ಊರಿಗೆ ವಾಪಸ್ ಹೋಗೂ ಹೊತ್ತು ಬರ್ತಿರಲಿಲ್ಲ.

ನಮ್ಮೂರು ಬನವಾಸಿ ದಾಟಿ ಮೂಡಕ್ಕ, ಬಯಲು ಸೀಮಿ ಅಂಚಿಗೆ. ಅಪ್ಪ ಅಲ್ಲಿ ದನದ ಸಂತ್ಯಾಗ ಸವಾಲು, ಅಂದ್ರ ಹರಾಜು, ಕೂಗಾಂವ. ಅವನ ಧ್ವನಿ ಎಂಥಾದ್ದಂದ್ರ, ಅವ "ಒಂದ್ಬಾರಿ" ಅಂದ್ರ ಎತ್ತು ಕಿವಿ ನಿಗರ್ಸ್ತಿದ್ವು, "ಎರಡ್ಬಾರಿ" ಅಂದ್ರ ಪಕ್ಕದೂರಿನ ಎತ್ತೂ ನಿಗರ್ಸ್ತಿದ್ವು, "ಮೂರ್ಬಾರಿ" ಅಂದ್ರ ಮಾರಾಟ ಆಗದ ಎತ್ತು ನಾಚಿಕೊಂಡು ತಾವ ಮನೀಗೆ ನಡೀತಿದ್ವು. ಒಂದು ಸಂತಿ ದಿನ ಯಲ್ಲಾಪುರದ ಕಟ್ಟಿಗಿ ಸಾಹುಕಾರ್ರೊಬ್ರು ಅಲ್ಲಿ ಹಾದು ಹೋಗೂವಾಗ ಈ ಧ್ವನಿ ಕೇಳಿ ಗಾಡಿ ನಿಲ್ಲಿಸಿದ್ರು. ಅಡ್ಡ್ಯಾಗ ದಿಮ್ಮಿ ಸವಾಲು ಕೂಗಾಕ ಹಿಂಥಾ ಗಂಟಲ ಬೇಕಾಗೇತಿ, ಬಾ ಅಂದ್ರು. ಆದ್ರ ಒಂದು ಕರಾರು ಹಾಕಿದ್ರು. ಮಳಿ ಹಿಂದಾಗಿ ಗಣಪತಿ ನೀರಿಗೆ ಹೋದ ಮ್ಯಾಲ ಮೊದಲ್ನೇ ಸವಾಲು ಅಪ್ಪ ಕೂಗಬೇಕು. ವ್ಯಾಪಾರಸ್ಥರು ಒಪ್ಪಿದ್ರ ಕೆಲಸ ಕಾಯಂ. ಒಪ್ಪಲಿಲ್ಲಂದ್ರ ಸಂತಿ ಎತ್ತು ಎಲ್ಲೂ ಓಡಿ ಹೋಗಿಲ್ಲ. ಹಂಗ ನಾವು ನಾಕೂ ಮಂದಿ ಯಲ್ಲಾಪುರಕ್ಕ ಬಂದ್ವಿ.

ಅಪ್ಪನ ಕೆಲಸ ಅಪ್ಪಂದು, ನಂದೂ ಒಂದಿತ್ತು. ನಮ್ಮೂರಾಗ ಸಾಲಿ ಏಳನೇ ಇಯತ್ತೆಕ್ಕ ಮುಗೀತದ. ಅಲ್ಲಿಂದ ಮುಂದ ಹುಡುಗ್ಯಾರಿಗೆ ಇರೂದು ಕುರುಪಿ ಮತ್ತ ಕಳೆ. ಯಲ್ಲಾಪುರದಾಗ ಹೈಸ್ಕೂಲಿತ್ತು, ನಾ ಎಂಟನೇ ಇಯತ್ತೆಕ್ಕ ಸೇರಿದ್ದೆ, ಇಂಗ್ಲೀಷಿನಾಗ ನನ್ನ ಹೆಸರು ಬರಿಯಾಕ ಕಲ್ತು ಊರಾಗಿನ ಗ್ವಾಡಿ ಎಲ್ಲಾ ಹೊಲಸು ಮಾಡಿದ್ದೆ. ಅಪ್ಪನ ಗಂಟಲ ಇದ್ರ ನಾ ಗಿರಿಜಾ, ಹೈಸ್ಕೂಲ್ ವಿದ್ಯಾರ್ಥಿನಿ. ಗಂಟಲ ಹೋದ್ರ ನಾ ಗಿರಿಜಾ, ಕಳೆ ತೆಗ್ಯಾಕಿ. ಹಂಗಾಗಿ ಅಪ್ಪನ ಗಂಟಲು ನಮ್ಮನಿಯೊಳಗ ದೇವರ ಜಗಲಿಯ ಎರಡನೇ ಮೂರ್ತಿ ಆಗಿತ್ತು. ಮಳಿಗಾಲ ತುಂಬ ಅವ ಕೊರಳಿಗೆ ಮಫ್ಲರ್ ಸುತ್ತಿ, ಜೇಷ್ಠಮಧು ಕಡ್ಡಿ ಜಗಿಯುತ್ತ, ನಮ್ಮ ಜೋಡಿ ಪಿಸಿಪಿಸಿ ಮಾತಾಡ್ತಿದ್ದ. ಅವನ ಪಿಸುಮಾತು ಬಸ್‌ಸ್ಟ್ಯಾಂಡಿಗೆ ಕೇಳ್ತಿತ್ತು, ಅದು ಬ್ಯಾರೆ ಮಾತು.

ಇನ್ನ ಮಳಿ. ಯಲ್ಲಾಪುರದ ಮಳಿ ಬಗ್ಗೆ ನಾ ಹೇಳಿದ್ರ ನಮ್ಮೂರ ಗೆಳತ್ಯಾರು ನನ್ನ ಜೋಡಿ ಮಾತ ಬಿಡ್ತಾರ. ಅರಿವಿ ಒಣಾಕ ಹಾಕಿದ್ರ ಅದರ ಮ್ಯಾಲ ಅಣಬಿ ಏಳ್ತಿದ್ವು. ಉಪ್ಪಿನ ಡಬ್ಬ್ಯಾಗ ಉಪ್ಪು ಹುಡುಕಿದ್ರ ನೀರು ಸಿಗ್ತಿತ್ತು. ಬಸ್ಯಾನ ಕಿವಿ ಹಿಂದ ಪಾಚಿ ಬೆಳದಿತ್ತು, ಅದು ಮಾತ್ರ ಮಳಿದಲ್ಲ, ಅವ ಮೊದಲಿಂದ ಹಂಗ. ಹುಬ್ಬಳ್ಳಿ ಕಡಿಯಿಂದ ಕಾಯಿಪಲ್ಲೆ ಹೊತ್ತು ಬರೂ ಲಾರಿ ರಾಡ್ಯಾಗ ಸಿಕ್ಕೊಂಡು ಒಮ್ಮೆ ಬರ್ತಿತ್ತು, ಎರಡ ಸಲ ಬರ್ತಿರಲಿಲ್ಲ. ಬಂದಾಗೂ ಮೆಂತ್ಯೆ ಕೊಳತು ಕರ್ರಗ ಆಗಿರ್ತಿತ್ತು.

ಇದು ಅವ್ವಗ ಭಾಳ ಕಷ್ಟ ಆತು. ನಮ್ಮ ಕಡೆ ಊಟ ಅಂದ್ರ ರೊಟ್ಟಿ, ರೊಟ್ಟಿ ಪಕ್ಕ ಹಸೇ ತಪ್ಪಲು. ಮೆಂತ್ಯೆ ತಪ್ಪಲು, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ತೊಳದು ಜಾಡಿಸಿ ಹಂಗ ಕಟುಂ ಕಟುಂ ತಿನ್ನೂದು. ಬೇಯಿಸಿದ್ರೂ ಪುಂಡಿಪಲ್ಯೆ ಒಂದ ಬಿಟ್ರ ಮಿಕ್ಕದ್ದೆಲ್ಲ ಒಗ್ಗರಣ್ಯಾಗ ಒಂದು ಮಗ್ಗಲ ಹೊಳ್ಳಿಸಿ ಹಸರು ಹಸರು ಇದ್ದಂಗ ಇಳಿಸೂದು. ಬಣ್ಣ ಹೋದ್ರ ಅಡಿಗಿ ಮಾಡಿದಾಕಿ ಮರ್ಯಾದಿ ಹೋತು ಅಂತ ಲೆಕ್ಕ.

ಅಂಥಾಕಿಗೆ ಸಿಕ್ಕ ಗುರು ಭಾಗಮ್ಮ. ನಮ್ಮನಿ ಅವರ ಮನಿ ಒಂದ ಹೆಂಚಿನ ಸೂರಿನಡಿ, ನಡುವ ಒಂದು ಗ್ವಾಡಿ, ಹಿತ್ತಲಾಗ ಎದಿ ಮಟ್ಟದ ಒಡ್ಡು. ಅವರು ಹೆಗಡೇರು, ತೋಟ ಮಗನಿಗೆ ಬಿಟ್ಟು ಪ್ಯಾಟ್ಯಾಗ ಮೊಮ್ಮಕ್ಕಳ ಸಾಲಿ ಸಲುವಾಗಿ ಮನಿ ಮಾಡಿದ್ರು. ಅವರ ಅಡಿಗಿಮನಿಗೆ ನಾವು ಹೋಗಂಗಿಲ್ಲ, ನಮ್ಮ ಅಡಿಗಿಮನಿಗೆ ಅವರು ಬರಂಗಿಲ್ಲ. ಎರಡೂ ಕಡೆ ದೇವ್ರು ಭಾಳ ಕಡಕ್ಕು. ಹಂಗಾಗಿ ಅಡಿಗಿ ಪಾಠ ಎಲ್ಲಾ ಒಡ್ಡಿನ ಮ್ಯಾಲ, ಮಳ್ಯಾಗ, ಅವರು ಕಂಬಳಿಕೊಪ್ಪಿ ಹಾಕ್ಕೊಂಡು, ನಮ್ಮವ್ವ ಗೋಣಿಚೀಲ ಹೊದ್ಕೊಂಡು.

ಮೊದಲ ದಿನಾನ ಜಗಳಕ್ಕ ಬಂದಿತ್ತು. ಭಾಗಮ್ಮ ನನ್ನ ಕರದು ಕೇಳಿದ್ರು, "ಕೂಸೆ, ನಿನ್ನ ಅವ್ವ ಎಂತ ಮಾಡ್ತಾ ಇದ್ದು?" ಅವರ ಮಾತಿನಾಗ ಹೆಂಗಸರಿಗೆ ಅದು ಇದು ಅನ್ನೂದ ರೂಢಿ. ಅವ್ವ ಒಳಗಿಂದ ಕೇಳಿಸ್ಕೊಂಡು, ನಾ ಏನ ಎಮ್ಮಿ ಆಗೇನೇನು ಅಂತ ಸಿಟ್ಟಿಗೆದ್ಳು. ಅದರ ಮ್ಯಾಲ ಭಾಗಮ್ಮ, "ನಿಂಗಕ್ಕೆ ಸೊಪ್ಪು ಕೊಡ್ಲಾ?" ಅಂದ್ರು. ಮುಗೀತು. ನಮ್ಮ ಕಡೆ ಸೊಪ್ಪಿ ಅಂದ್ರ ದನ ತಿನ್ನೂ ಜ್ವಾಳದ ದಂಟು. ಎಮ್ಮಿ ಅಂದಿದ್ದಲ್ದ, ಮ್ಯಾಲ ಮೇವೂ ಹಾಕ್ತಾಳಂತ ಅವ್ವ ಬಾಗ್ಲಾ ಹಾಕ್ಕೊಂಡ್ಳು.

ಬಿಡಿಸಿದಾಂವ ಅಪ್ಪ. ಸವಾಲು ಕೂಗಾಂವ ಹತ್ತು ಮಂದಿ ಮಾತು ಕಲೀಬೇಕಂತ ಅವ ಪಣ ತೊಟ್ಟಿದ್ದ. ಮುಂಜಾನಿ ಕಿರಾಣಿ ಅಂಗಡಿ ಪೈಗಳ ಹತ್ರ ಕೊಂಕಣಿ, ಮಧ್ಯಾಹ್ನ ಲಾರಿ ಡ್ರೈವರನ ಹತ್ರ ಉರ್ದು, ಸಂಜಿಗೆ ಭಾಗಮ್ಮ ಮೊಮ್ಮಕ್ಕಳನ್ನ ಬೈಯೂದು ಕೇಳಿ ಕೇಳಿ ಅವರ ಮಾತು. ಸೊಪ್ಪು ಅಂದ್ರ ಇವರಲ್ಲಿ ತಪ್ಪಲು ಅಂತ ಅವ್ವಗ ಅವನ ತಿಳಿಸಿ ಹೇಳಿದ. ಅವತ್ತಿಂದ ಮನ್ಯಾಗ ದುಭಾಷಿ ಅಂದ್ರ ಅವ. ಭಾಗಮ್ಮ ಏನರ ಅಂದ್ರ ಅವ್ವ ಓಡಿ ಬಂದು ಕೇಳ್ತಿದ್ಳು, ಅಪ್ಪ ಮಂಚದ ಮ್ಯಾಲ ಕುಂತು, ಕಣ್ಣು ಮುಚ್ಚಿ, ಶಾಸ್ತ್ರಿಗಳು ಶ್ಲೋಕಕ್ಕ ಅರ್ಥ ಹೇಳಿದಂಗ ಹೇಳ್ತಿದ್ದ. ಈ ಮಾತು ನೆನಪಿಟ್ಕೊಳ್ರಿ.

ಪಾಠ ಶುರು ಆತು. ನಮ್ಮ ಹಿತ್ತಲಾಗ ಕಾಲು ಇಡಾಕ ಜಾಗಾ ಇಲ್ದಂಗ ಬೆಳದಿದ್ದು ಕಳೆ ಅಂತ ನಾವು ತಿಳದಿದ್ವಿ. ಭಾಗಮ್ಮ ಒಡ್ಡಿನಾಚೆಯಿಂದ ಬೊಟ್ಟು ಮಾಡಿ ಅದಕ್ಕೆಲ್ಲಾ ಹೆಸರಿಟ್ರು. ಇದು ಎಳೇ ತಗಟೆ, ಪಲ್ಯಕ್ಕ. ಇದು ಒಂದೆಲಗ, ತಂಬುಳಿಗೆ. ಇದು ಹೊನಗೊನೆ. ಅವ್ವ ಖುಷಿ ಆಗಿ ಗಟಾರದ ದಂಡ್ಯಾಗಿದ್ದ ಒಂದೆಲಗ ಹರಕೊಂಡು, ಸೀರಿ ಸೆರಗಿಗೆ ಒರಿಸಿ, ನಮ್ಮೂರ ಮೆಂತ್ಯೆ ಗತೆ ಬಾಯಿಗೆ ಹಾಕ್ಕೊಳ್ಳಾಕ ಹೋದ್ಳು. ಭಾಗಮ್ಮ ಹೊಡದ ಕೂಗಿನ ಮುಂದ ನಮ್ಮಪ್ಪನ ಧ್ವನಿ ಕೂಸಿನ ಧ್ವನಿ. "ಮಳೆಗಾಲ್ದಲ್ಲಿ ಹಸಿ ತಿನ್ನಡ, ಮಾರಾಯ್ತಿ. ಗಟಾರದ್ದು ಕೊಯ್ಯಡ. ಗುರ್ತಿಲ್ದೇ ಇದ್ದಿದ್ದು ಮುಟ್ಟಡ." ಅವರ ಮಾತಿನಾಗ ಕಡೀಕ ಡ ಬಂದ್ರ ಬ್ಯಾಡ ಅಂತ, ಅಷ್ಟು ನಮಗ ದುಭಾಷಿ ಇಲ್ಲದ ತಿಳೀತು.

ಮಳಿಗಾಲದ ಸೊಪ್ಪಿನಾಗ ನಮಗಿಂತ ಮೊದಲ ಊಟಕ್ಕ ಕುಂತವರು ಇರ್ತಾರಂತ ಅವರು ಹೇಳಿದ್ದು ಖರೇ ಇತ್ತು. ಎಲಿ ಬಿಡಿಸಿ, ಹಿಂದ ಮುಂದ ನೋಡಿ, ಉಪ್ಪು ನೀರಾಗ ಮುಳುಗಿಸಿಟ್ರ ಹುಳ ಒಂದೊಂದ ಮ್ಯಾಲ ತೇಲಿ ಬರ್ತಿದ್ವು, ಗಂಗಾವಳಿ ಹೊಳಿ ದಾಟೂ ದೋಣಿ ಸಾಲಿನ್ಹಂಗ. ಆಮ್ಯಾಲ ಮತ್ತ ಮತ್ತ ನೀರು ಬದಲಿಸಿ ತೊಳೀಬೇಕು, ತಳದಾಗ ಮರಳು ಉಳೀಬಾರದು. ಒಂದು ಸಲ ಬುಟ್ಟ್ಯಾಗಿಂದ ಉಂಬಳ ಎದ್ದು ಬಂತು. ರಕ್ತ ಹೀರೂ ಹುಳ ಅದು. ಬಸ್ಯಾ ಅದನ್ನ ದಾರಾ ಕಟ್ಟಿ ಸಾಕ್ತೀನಂದ. ಅದು ದಾರದಾಗಿಂದ ಜಾರಿ ಅವನ್ನ ಸಾಕ್ಕೊಂಡಿತು.

ಆದ್ರ ನಾ ಸುಳ್ಳ್ಯಾಕ ಹೇಳ್ಲಿ, ಊಟ ರುಚಿ ಆತು. ಬಿಸಿ ಅನ್ನಕ್ಕ ಒಂದೆಲಗದ ತಂಬುಳಿ ತಣ್ಣಗ, ಮ್ಯಾಲ ಒಗ್ಗರಣಿ. ತಗಟೆ ಪಲ್ಯಕ್ಕ ಕಾಯಿತುರಿ. ಅವ್ವ ಬಾಯಿಲೆ ಹೊಗಳಲಿಲ್ಲ, ಆದ್ರ ಗಂಗಾಳದ ತಳಾ ಬೆರಳಿಲೆ ಒರಸ್ತಿದ್ಳು. ನಾ ಅಂತೂ ಸಾಲ್ಯಾಗ ನಮ್ಮನ್ಯಾಗ ನೂರಾ ಒಂದು ಥರದ ಎಲಿ ತಿಂತೀವಿ ಅಂತ ಬಿಟ್ಟೆ. ಯಾರೂ ನಂಬಲಿಲ್ಲ, ಅದಕ್ಕ ನೂರಾ ಎಂಟು ಅಂತ ಏರಿಸಿದೆ.

ಗಣಪತಿ ಬಂದ, ಹೋದ. ಐತವಾರ ಮುಂಜಾನಿ ಸವಾಲು ಅಂತ ಸಾಹುಕಾರ್ರು ಹೇಳಿ ಕಳಿಸಿದ್ರು. ಶನಿವಾರ ನಮ್ಮನ್ಯಾಗ ಮಾತು ಪೂರಾ ಬಂದ್. ಅಪ್ಪ ಗಂಟಲು ಉಳಸಾಕ ಕೈಸನ್ನೀಲೆ ನೀರು ಕೇಳ್ತಿದ್ದ, ಬಸ್ಯಾ ಒಂದಕ್ಕ ಎರಡು ಅರ್ಥ ಮಾಡ್ಕೊಂಡು ಬೀಸಣಿಕಿ, ಚಪ್ಲಿ, ಕಡೀಕ ಬೆಕ್ಕನ್ನ ತಂದು ಕೊಡ್ತಿದ್ದ.

ಅವತ್ತ ಭಾಗಮ್ಮ ಒಡ್ಡಿನ ಮ್ಯಾಲಿಂದ ಕರಿ ಕೆಸುವಿನ ಎಲಿ ಕೊಟ್ರು. ದಂಟು ನೇರಳಿ ಬಣ್ಣ, ಎಲಿ ಮ್ಯಾಲ ನೀರು ಬಿದ್ರ ಪಾದರಸ ಓಡಿದಂಗ ಓಡ್ತಿತ್ತು. ನಾಳಿ ದೊಡ್ಡ ಕೆಲಸ ಐತಲ್ಲ, ಯಜಮಾನರಿಗೆ ಕರಕಲಿ ಮಾಡಿ ಹಾಕು ಅಂದ್ರು. ಜೋಡೀಲೆ ಒಂದು ಬೊಗಸಿ ಒಣಗಿದ ವಾಟೆಹುಳಿ, ಹುಣಸಿ ಬದಲಿಗೆ ಹಾಕೂವಂಥಾದ್ದು. ಆಗ ನೋಡ್ರಿ, ಮಳಿ ಹೆಂಚಿನ ಮ್ಯಾಲ ಡಬಡಬ ಬಡೀತಿತ್ತು. ಅದರಾಗ ಅವರು ಹೇಳ್ತಾ ಹೋದ್ರು. ಕೈಗೆ ಎಣ್ಣಿ ಹಚ್ಕೊಂಡು ಹೆಚ್ಚು. ನಡುವಿನ ನಾರು ತೆಗಿ, ದಂಟಿನ ಸಿಪ್ಪಿ ಸುಲಿ. ಹಸಿಮೆಣಸು ಹಾಕಿ ಮುದ್ದಿ ಆಗೂ ತನಕ ಬೇಯಿಸು. ಕಡೀಕ, ಯಾಕೋ ಏನೋ, ಧ್ವನಿ ಇಳಿಸಿ, ಬಾಯಿಗೆ ಸೆರಗು ಅಡ್ಡ ಹಿಡದು, ಎಲಿಗೆ ಕೇಳಬಾರದು ಅನ್ನೂವಂಗ ಒಂದು ಮಾತು ಅಂದ್ರು.

ಅವ್ವ ಅದನ್ನ ಬಾಯಾಗ ಇಟ್ಕೊಂಡು, ಎಲ್ಲೂ ಚೆಲ್ಲದಂಗ ಮಂಚದ ತನಕ ತಂದ್ಳು. "ಹುಳಿ ಕಮ್ಮಿ ಆದ್ರೆ ತೋರಸ್ತು ಅಂದ್ರು. ಏನು ಹಂಗಂದ್ರ?"

ಗಂಟಲು ಉಳಸೂ ವ್ರತದಾಗ ಇದ್ದಾಂವ, ಆದ್ರ ಪಾಂಡಿತ್ಯದ ಪ್ರಶ್ನೆ ಬಂದ್ರ ಸುಮ್ನಿರಾಕ ಆಗ್ತದೇನು. ಅಪ್ಪ ಮಫ್ಲರ್ ಸಡ್ಲ ಮಾಡಿದ. "ತೋರಸ್ತು ಅಂದ್ರ ತೋರಸ್ತೈತಿ. ಬಾಲ ಕತ್ತರಿಸಿ ಮಾತಾಡ್ತಾರ, ಅಷ್ಟ. ಹುಳಿ ಕಮ್ಮಿ ಹಾಕಿದ್ರ ಬಣ್ಣ ಎದ್ದು ತೋರಸ್ತೈತಿ ಅಂತ."

ಅವ್ವನ ಮಾರಿ ಬೆಳಗಿತು. ಇಷ್ಟು ದಿನದ ಮ್ಯಾಲ ಭಾಗಮ್ಮ ನಮ್ಮ ಕಡೆ ಬುದ್ಧಿ ಮಾತಾಡಿದ್ಳು ಅಂದ್ಳು. ವಾಟೆಹುಳಿ ಒಂದ ಒಂದು ತುಣುಕು, ಉಗುರಿನಷ್ಟು, ಅದನ್ನೂ ಹಾಕ್ಲೋ ಬ್ಯಾಡೋ ಅಂತ ಹಾಕಿದ್ಳು. ಉಳಿದಿದ್ದು ಡಬ್ಬಿ ಸೇರ್ತು. ಬಣ್ಣ ಉಳೀಲಿ ಅಂತ ಮುದ್ದಿ ಆಗೂದೂ ಬಿಟ್ಟು, ಎರಡು ಕುದಿ ಬಂದ ಕೂಡ್ಲೆ ಇಳಿಸಿದ್ಳು. ಬಣ್ಣ ಏನ್ ಕೇಳ್ತೀರಿ. ಗಿಳಿ ಬಂದು ನೋಡಿದ್ರ ತಮ್ಮವರನ್ಯಾರನ್ನೋ ಹೆಚ್ಚಿ ಹಾಕ್ಯಾರಂತ ಅತ್ತು ಹೋಗ್ತಿತ್ತು.

ಶನಿವಾರ ಅರ್ಧ ದಿನದ ಸಾಲಿ, ನಾನೂ ಊಟಕ್ಕಿದ್ದೆ. ಅಪ್ಪ ರೊಟ್ಟಿ ಮುರದು, ಪಲ್ಯೆ ಬಾಚಿ, ಗುಡ್ಡದಂಥಾ ತುತ್ತು ಹಾಕ್ಕೊಂಡ. ತಲಿ ಅಲ್ಲಾಡಿಸಿದ. ಇನ್ನೊಂದು ಹಾಕ್ಕೊಂಡ. ಮೂರನೇದು ಹಾಕ್ಕೊಳ್ಳೂ ಹೊತ್ತಿಗೆ ತಲಿ ಅಲ್ಲಾಡಿಸೂದು ನಿಲ್ತು. ಕಣ್ಣು ದೊಡ್ಡುವಾದ್ವು. ಅಷ್ಟೊತ್ತಿಗೆ ನನ್ನ ನಾಲಿಗಿ ಮ್ಯಾಲ ಯಾರೋ ಕಂಬಳಿಹುಳದ ಮೆರವಣಿಗಿ ಬಿಟ್ಟಂಗಾತು, ವಾದ್ಯ ಸಮೇತ. ಬಸ್ಯಾ ನಾಲಿಗಿ ಹೊರಗ ಹಾಕಿ ಗ್ವಾಡಿಗೆ ತಿಕ್ಕಾಕ ಹೊಂಟ. ಅವ್ವ ಎದ್ದು ನಿಂತು ಗಂಟಲು ಹಿಡ್ಕೊಂಡ್ಳು. ಆ ಕೈ ಇಟ್ಕೊಳ್ಳೂ ಚಟಾ ಅಕಿಗೆ ಹತ್ತಿದ್ದು ಅವತ್ತ.

ಅಪ್ಪ ಏನೋ ಹೇಳಾಕ ಬಾಯಿ ತಗದ. ಎಣ್ಣಿ ಕಾಣದ ಬಾಗ್ಲಾ ತಗದ ಸಪ್ಪಳ ಬಂತು.

ಇನ್ನೊಂದ್ಸಲ ತಗದ. ಬಾಗ್ಲಾ ಹಾಕಿದ ಸಪ್ಪಳ ಬಂತು.

ನಾ ನಗ್ತೀನಿ ಅಂತ ನೀವು ತಿಳದಿರಬೇಕು. ನಗು ಬರಲಿಲ್ರಿ. ಅವನ ಮಾರಿ ನೋಡಿದೆ. ಮೂರು ಊರಿನ ಎತ್ತು ತಿರುಗಿ ನೋಡೂವಂಥಾ ಧ್ವನಿಯಾಂವ, ತನ್ನ ಬಾಯಾಗಿಂದ ಬಂದ ಸಪ್ಪಳ ಯಾರದಂತ ಹುಡುಕೂವಂಗ ಆಕಡೆ ಈಕಡೆ ನೋಡ್ತಿದ್ದ. ಮರುದಿನ ಮುಂಜಾನಿ ಸವಾಲು. ನನ್ನ ಪಾಟಿಚೀಲ ಮೂಲ್ಯಾಗ ಗೂಟಕ್ಕ ನೇತಾಡ್ತಿತ್ತು, ಅದನ್ನ ನೋಡಬಾರದು ಅಂತ ಬ್ಯಾರೆ ಕಡೆ ನೋಡಿದೆ.

ಮಳ್ಯಾಗ ಓಡಿ ಒಡ್ಡಿನ ಹತ್ರ ನಿಂತು ಭಾಗಮ್ಮನ್ನ ಕರದೆ. ಗಂಟಲು ನಂದೂ ಕೈ ಕೊಟ್ಟಿತ್ತು, ಅದಕ್ಕ ಕೊಡಪಾನ ಬಡದೆ. ಅವರು ಬಂದು ನೋಡಿದ್ರು, ಒಂದ ಸಲ ಒಡ್ಡು ನೋಡಿದ್ರು, ಒಂದ ಸಲ ನಮ್ಮ ಅಡಿಗಿಮನಿ ಬಾಗ್ಲಾ ನೋಡಿದ್ರು. ಒಳಗ ಹೋಗಿ ಏನೋ ತಗೊಂಡು ರಸ್ತಿ ಬಳಸಿ ಬಂದು ನಮ್ಮ ಹೊಸ್ತಿಲಿಗೆ ನಿಂತ್ರು. "ಒಳಗೆ ಬತ್ತೆ. ದೇವ್ರು ದೇವ್ರು ಮಾತಾಡ್ಕತ್ತ" ಅಂದು ದಾಟಿ ಬಂದ್ರು. ಅವ್ವ ಕೂಡ್ರಾಕ ಮಣಿ ಸರಿಸಿದ್ಳು.

ತಂದಿದ್ದು ಅಪ್ಪೆಹುಳಿ, ಬೆಲ್ಲ, ತುಪ್ಪ. ಹುಳಿ ನೀರು ಬಾಯಿತುಂಬ ಹಿಡಕೊಂಡು ಮುಕ್ಕಳಿಸಬೇಕು, ಆಮ್ಯಾಲ ತುಪ್ಪ ಬೆಲ್ಲ ಚಪ್ಪರಿಸಿ ಸಾವಕಾಶ ನುಂಗಬೇಕು. ಉಸುರಾಡಾಕ ತ್ರಾಸ ಐತೇನು, ತುಟಿ ಬಾತೈತೇನು ಅಂತ ಒಬ್ಬೊಬ್ರನ್ನ ಬೆಳಕಿಗೆ ಹಿಡದು ಬಾಯಿ ತಗಸಿ ನೋಡಿದ್ರು. ಹಂಗೇನರ ಆಗಿದ್ರ ಕೂಡ್ಲೆ ಡಾಕ್ಟರ ಹತ್ರ ಓಡಬೇಕು ಅಂದ್ರು. ಆಗಿರಲಿಲ್ಲ, ಪುಣ್ಯಕ್ಕ. ಅಪ್ಪಗ ಬೊಟ್ಟು ತೋರಿಸಿ, ಸಂಜಿ ತನಕ ಮಾತಾಡಡಿ ಅಂದ್ರು. ಮಾತಾಡಾಕ ಅವನ ಹತ್ರ ಏನ ಇತ್ತು?

ಮುಕ್ಕಳಿಸಿ ನಮ್ಮ ನಾಲಿಗಿ ತಮ್ಮ ಜಾಗಾಕ್ಕ ಬಂದ ಮ್ಯಾಲ ಭಾಗಮ್ಮ ಗಡಿಗಿ ಮುಚ್ಚಳ ತಗದು ನೋಡಿದ್ರು. ಒಳಗಿನ ಹಸರು ನೋಡಿ ಎರಡು ಹೆಜ್ಜಿ ಹಿಂದ ಸರದ್ರು.

"ಹುಳಿ ಎಷ್ಟು ಹಾಕಿದ್ಯೆ?"

ಅವ್ವ ಉಗುರು ತೋರಿಸಿದ್ಳು.

"ಅಷ್ಟೇಯಾ? ಎಂತಕ್ಕೆ?"

"ನೀವ ಅಂದ್ರೆಲ್ರಿ, ಹುಳಿ ಕಮ್ಮಿ ಆದ್ರ ತೋರಸ್ತೈತಿ ಅಂತ. ಬಣ್ಣ."

ಭಾಗಮ್ಮ ತಮ್ಮ ಮುಂಗೈ ಪರಪರ ಕೆರಕೊಂಡು ತೋರಿಸಿದ್ರು. "ತೋರಸ್ತು ಅಲ್ದೇ. ತೊರಸ್ತು."

ತೊರಸ್ತು ಅಂದ್ರ ಅವರ ಮಾತಿನಾಗ ತುರಿಸ್ತೈತಿ ಅಂತ. ಒಂದು ದೀರ್ಘ. ನಮ್ಮ ಕನ್ನಡ ಮಾಸ್ತರು ಹ್ರಸ್ವ ದೀರ್ಘ ತಪ್ಪಿದ್ರ ಅನರ್ಥ ಆಗ್ತದ ಅಂತ ಕಿವಿ ಹಿಂಡೂವಾಗ ನಾ ನಂಬಿರಲಿಲ್ಲ. ಕೆಸುವಿನ ಎದುರಿಗೆ ಆ ಶಬ್ದ ಗಟ್ಟಿ ಆಡಿದ್ರ ಅದಕ್ಕ ತನ್ನ ಗುಣ ನೆನಪಾಗ್ತದಂತ ಭಾಗಮ್ಮನ ಅತ್ತಿ ಕಾಲದಿಂದ ನಂಬಿಕಿ. ಅದಕ್ಕ ಅವರು ಸೆರಗು ಅಡ್ಡ ಹಿಡದು ಹೇಳಿದ್ರು, ಅದರ ಮ್ಯಾಲ ಮಳಿ, ಅದರ ಮ್ಯಾಲ ನಮ್ಮ ಪಂಡಿತರು.

ಇಬ್ರೂ ಹೆಂಗಸರು ಒಮ್ಮೆಲೆ ಮಂಚದ ಕಡೆ ತಿರುಗಿದ್ರು. ಅಪ್ಪ ಬಾಯಿತುಂಬ ಹುಳಿ ನೀರು ಹಿಡಕೊಂಡು, ಗಲ್ಲ ಉಬ್ಬಿಸಿಕೊಂಡು ಕುಂತಿದ್ದ. ತನ್ನ ಕಡೆ ವಾದ ಮಾಡಾಕೂ ಧ್ವನಿ ಇಲ್ಲ, ಉಗಳಾಕೂ ಧೈರ್ಯ ಇಲ್ಲ. ಕೊಂಕಣಿ, ಉರ್ದು, ಭಾಗಮ್ಮನ ಮಾತು ಎಲ್ಲಾ ಆ ಗಲ್ಲದೊಳಗ ಕೂಡಿ ಹಾಕಿದಂಗಿತ್ತು. ಅವ್ವಗ ಮೊದಲ ಅಳು ಬಂತು, ಅದು ದಾರ್ಯಾಗ ಎಲ್ಲೋ ತಿರುಗಿ ನಗು ಆಗಿ ಹೊರಗ ಬಂತು. ಭಾಗಮ್ಮ ಒಲಿ ಮುಂದ ಕುಂತ್ಬಿಟ್ರು, ನಕ್ಕು ನಕ್ಕು. ನಮ್ಮ ಒಲಿ ಮುಂದ, ನಮ್ಮ ಅಡಿಗಿಮನ್ಯಾಗ. ಎರಡೂ ದೇವ್ರು ಮಾತಾಡ್ಕೊಂಡಿದ್ವು ಕಾಣ್ತದ, ಯಾರೂ ತಕರಾರು ತಗೀಲಿಲ್ಲ.

ಸಂಜಿಗೆ ಅಪ್ಪನ ತುರಿಕಿ ಹೋತು, ಧ್ವನಿ ಬರಲಿಲ್ಲ. ಮುಂಜಾನೆ ಎದ್ದಾಗ ಅರ್ಧ ಬಂದಿತ್ತು, ಹರದ ತಮಟಿ ಹಂಗ. ಅದನ್ನ ಇಟ್ಕೊಂಡು, ಕಿಸೆದಾಗ ಬೆಲ್ಲ ಹಾಕ್ಕೊಂಡು, ಮಫ್ಲರ್ ಸುತ್ಕೊಂಡು ಅಡ್ಡೆಕ್ಕ ಹೋದ. ಅವ್ವ ಬಾಗ್ಲಾಗ ನಿಂತು ಅವ ಓಣಿ ತಿರುವು ದಾಟೂ ತನಕ ನೋಡಿದ್ಳು. ಆಮ್ಯಾಲ ಒಳಗ ಹೋಗಿ ಉಳಿದ ಎಲಿ ತಗದ್ಳು. ಕೂತ್ರ ಅಳು ಬರ್ತದ, ಕೈಗೆ ಕೆಲಸ ಬೇಕಿತ್ತು ಅಕಿಗೆ. ಕೈಗೆ ಎಣ್ಣಿ ಹಚ್ಚಿ, ನಾರು ತಗದು, ಡಬ್ಬಿ ಬೋರಲ ಹಾಕಿ ವಾಟೆಹುಳಿ ಎಲ್ಲಾ ಸುರದ್ಳು. ಬಣ್ಣದ ಆಸೆ ಬಿಟ್ಟು, ಹಸರು ಹೋಗಿ ಕೆಸರಿನ್ಹಂಗ ಆಗೂ ತನಕ ಕುದಿಸಿದ್ಳು. ಒಂದು ಕಾಳಿನಷ್ಟು ತನ್ನ ನಾಲಿಗಿ ತುದಿಗೆ ಹಚ್ಕೊಂಡು, ಮಕ್ಕಳಿಗೆ ಕೊಡೂ ಮೊದಲ, ಕಣ್ಣು ಮುಚ್ಚಿ ಕುಂತ್ಳು. ಏನೂ ಆಗಲಿಲ್ಲ. ಇನ್ನೊಂದಿಷ್ಟು ಹಚ್ಕೊಂಡ್ಳು. ಏನೂ ಆಗಲಿಲ್ಲ. ಆಗ ಬಳ್ಳೊಳ್ಳಿ ಒಗ್ಗರಣಿ ಕೊಟ್ಳು. ಆ ವಾಸನಿ ಓಣಿ ತುಂಬ ಹೋತು.

ಹುಡುಗ್ಯಾರು ಅಡ್ಡೆಕ್ಕ ಹೋಗೂವಂಗಿಲ್ಲ. ಸುದ್ದಿ ಬರೂ ತನಕ ಸುಮ್ನ ಕುಂದ್ರೂವಾಕಿ ನಾ ಅಲ್ಲ. ಕಟ್ಟಿ ಹತ್ತಿ ನಿಂತು, ಓಣಿ ಹುಡುಗ್ರನ್ನ ಕೂಡಿಸಿ, ಉಳಿದ ಒಂದು ಕೆಸುವಿನ ಎಲಿ ಹಿಡದು ಸವಾಲು ಶುರು ಮಾಡಿದೆ. ಮಫ್ಲರ್ ಅಂತ ಅವ್ವನ ಒರಸೂ ಅರಿವಿ ಕೊರಳಿಗೆ ಸುತ್ತಿದೆ. ಧ್ವನಿ, ಎಣ್ಣಿ ಕಾಣದ ಬಾಗ್ಲದ್ದು. ನೋಡ್ರಪ್ಪ ನೋಡ್ರಿ, ಖರೇ ಯಲ್ಲಾಪುರದ ಎಲಿ, ಮಳ್ಯಾಗ ಕೊಡಿ ಬೇಕಾದ್ರ ಕೊಡಿ, ಹಾಸಿಗಿ ಬೇಕಾದ್ರ ಹಾಸಿಗಿ, ತಿಂದ್ರ ಆರು ಭಾಷೆ ಮರಿತೀರಿ. ಹುಡುಗ್ರು ಹುಣಸಿಬೀಜದಾಗ ಕೂಗಿದ್ರು. ಬಸ್ಯಾ ತನ್ನ ಉಂಬಳದ ದಾರಾ ಇಟ್ಟ. ಭಾಗಮ್ಮ ತಮ್ಮ ಕಟ್ಟಿಯಿಂದ, ಆ ಕೂಸಿಗೆ ಯಾರಾದ್ರೂ ನೀರು ಕೊಡಿ ಅಂತ ನಗ್ತಿದ್ರು. ಅವ್ವ ಒಳಗಿಂದ ಸೌಟು ಹಿಡಕೊಂಡು ಬಂದು ಬೈಯಾಕ ನಿಂತಾಕಿ, ಬೈಲಿಲ್ಲ. ಓಣಿ ತಿರುವಿನ ಕಡೇನ ನೋಡ್ತಿದ್ಳು.

ನಾ ಗೊಗ್ಗರು ಧ್ವನಿ ತಗದು ಎಲಿ ಮ್ಯಾಲಕ್ಕೆತ್ತಿದೆ. ಕೆಸುವಿನ ಎಲಿ, ಒಂದ್ಬಾರಿ. ಕೆಸುವಿನ ಎಲಿ, ಎರಡ್ಬಾರಿ.

"ಮೂರ್ಬಾ...ರಿ."

ನಾ ಬಾಯಿನ ತಗದಿರಲಿಲ್ಲ. ಅದು ಓಣಿ ತಿರುವಿನಿಂದ ಬಂತು. ಹೆಂಚಿನ ಮ್ಯಾಲಿನ ಕಾಗಿ ಎದ್ದು ಹೋದ್ವು, ಬಸ್‌ಸ್ಟ್ಯಾಂಡಿನಾಗ ಯಾರೋ ಸಾಮಾನು ಕೆಳಗ ಹಾಕಿದ್ರು ಅಂತ ಆಮ್ಯಾಲ ನಾನ ಸೇರಿಸಿ ಹೇಳಿದ್ದು, ಆದ್ರ ಕಾಗಿ ಖರೇ. ಅವ್ವನ ಕೈಯಾಗಿನ ಸೌಟು ಬಿತ್ತು. ಮಫ್ಲರ್ ಕೊರಳಾಗಿಲ್ಲ, ಹೆಗಲ ಮ್ಯಾಲಿತ್ತು. ಕಿಸೆದಾಗಿನ ಬೆಲ್ಲ ತೀರೂದ್ರಾಗ ಗಂಟಲು ಬಿಟ್ಟಿತ್ತಂತ. ಅಪ್ಪ ನಡಕೊಂತ ಬಂದು ಹುಡುಗ್ರ ನಡುವ ನಿಂತ, ನನ್ನ ಕೈಯಾಗಿನ ಎಲಿ ಕಸಕೊಂಡ, ಮಳಿ ಹನಿ ತಲಿ ಮ್ಯಾಲ ಬೀಳದಂಗ ಕೊಡಿ ಹಂಗ ಹಿಡದ.

"ಸಾಕು ಇಳಿ, ಗಿರಿಜಾ. ಈ ಊರಾಗ ಸವಾಲು ಕೂಗಾಂವ ಒಬ್ಬನ ಸಾಕಂತ, ಸಾಹುಕಾರ್ರು ಹೇಳ್ಯಾರ."

ಇಳದೆ.